ಜಮಖಾನದ ಕುಚ್ಚು

ಹೋದ ವಾರ ಮನೆಗೆ ಬಂದ ಭಾವ ಮಾತಾಡುತ್ತಾ ಜಮಖಾನದ ತುದಿಯಿಂದ ಒಂದು ನೂಲು ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು. ಮೊಳದುದ್ದ ನೂಲನ್ನು ಬೆರಳಿಗೆ ಸುತ್ತಿಕೊಂಡು, "ಇದು ಬಿಚ್ಚಿ ಹೋಗ್ತಾ ಉಂಟಲ್ಲ ಮಾರಾಯ್ರೆ" ಅಂದರು. ಬಿಚ್ಚುತ್ತಿರುವುದು ಯಾರು ಅಂತ ಕೇಳಲಿಲ್ಲ. ಅಕ್ಕನ ಗಂಡ, ಅಲ್ವಾ?

ನವಲಗುಂದದ ಹೆಂಗಸರು ಕೈಯಲ್ಲಿ ನೇಯ್ದ ಹತ್ತಿಯ ಜಮಖಾನ ಅದು. ನವಿಲುಗಳೂ ಉಂಟು. ಕುಚ್ಚನ್ನು ಅಲಂಕಾರ ಅಂದುಕೊಳ್ಳುವವರೇ ಜಾಸ್ತಿ. ಅದು ಹಾಸಿನ, ಅಂದರೆ ಉದ್ದಕ್ಕೆ ಓಡುವ ನೂಲಿನದೇ ತುದಿ. ಅಲ್ಲಿನ ಗಂಟು ಬಿಟ್ಟರೆ ಹೊಕ್ಕಿನ, ಅಂದರೆ ಅಡ್ಡ ನೂಲು ಒಂದೊಂದಾಗಿ ಜಾರುತ್ತದೆ. ಇದು ತಿಳಿಯದೆ ಕತ್ತರಿ ಹಿಡಿದು 'ನೀಟ್' ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇನ್ನೊಂದು ತುದಿಗೆ ಹಿಂದೊಮ್ಮೆ ಟೈಲರ್ ಒಬ್ಬರು ಮಿಷನ್ನಿನಲ್ಲಿ ಪಟ್ಟಿ ಹೊಲಿದಿದ್ದರು. ಆ ಬದಿ ಈಗ ಕರಿದ ಹಲಸಿನ ಹಪ್ಪಳದ ಹಾಗೆ ಏರಿಳಿದಿದೆ.

ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಕೊಡೆ ರಿಪೇರಿಯವರೊಬ್ಬರು ಕೂತಿದ್ದರು. ಜಮಖಾನ ಹೊಲಿಯುತ್ತೀರಾ ಅಂದೆ. ಉತ್ತರವಿಲ್ಲ. ನನ್ನ ಕೈಯಲ್ಲಿದ್ದ ಮೂರು ಮಡಿಕೆಯ ಕೊಡೆ ತೆಗೆದುಕೊಂಡು ಬಿಚ್ಚಿದರು, ಮುಚ್ಚಿದರು. "ಇದು ಕೊಡೆಯಾ?" ಅಂದರು. ಆಮೇಲೆ ಅರ್ಧ ಗಂಟೆ ಪಾಠ. ಕೊಡೆ ಅಂದರೆ ಉದ್ದ ಕೋಲಿನದು. ಮಡಚುವುದು ಮಕ್ಕಳಾಟಿಕೆ. ಮೇ ತಿಂಗಳಿಡೀ ಸುಮ್ನೆ ಕೂರುತ್ತೇನೆ, ಒಬ್ಬನೂ ಬರುವುದಿಲ್ಲ. ಮೊದಲ ಮಳೆ ಬಿದ್ದ ದಿನ ಊರಿಗೆ ಊರೇ ಮುರಿದ ಕಡ್ಡಿ ಹಿಡಿದು ನಿಂತು "ಬೇಗ, ಬೇಗ" ಅನ್ನುತ್ತದೆ. ಹೋದ ವರ್ಷ ಒಬ್ಬರು ಕೊಟ್ಟ ಕೊಡೆ ಒಯ್ಯಲಿಕ್ಕೇ ಬರಲಿಲ್ಲ. ಅದರಡಿಯಲ್ಲೇ ಈಗ ಕೂತಿದ್ದೇನೆ, ನೋಡಿ. ನೋಡಿದೆ. ಒಳ್ಳೆಯ ಕೊಡೆ. ಉದ್ದ ಕೋಲಿನದು. ನನ್ನ ಬಸ್ಸು ಹೋಯಿತು, ಮಳೆಯೂ ಬಂತು. ಆ ಕೊಡೆಯಡಿಗೆ ಇಬ್ಬರಿಗೆ ಜಾಗವಿರಲಿಲ್ಲ.

ಕೊನೆಗೆ, "ತನ್ನಿ ನೋಡುವ" ಅಂದರು. ಮರುದಿನ ಜಮಖಾನ ಹೊತ್ತು ಹೋದೆ. ಮೇಣ ಹಚ್ಚಿದ ನೂಲು, ದಪ್ಪ ಸೂಜಿ. ಹರಿದ ತುದಿಗೇ ಚುಚ್ಚಲಿಲ್ಲ. ಗಟ್ಟಿ ನೇಯ್ಗೆ ಸಿಗುವಷ್ಟು ಒಳಗೆ ಹಿಡಿದು, ತುದಿಯನ್ನು ಸುತ್ತಿ ಸುತ್ತಿ ಹೊಲಿದರು. ಒಂದು ಹೊಲಿಗೆಯೂ ಬಿಗಿದಿಲ್ಲ, ಎಲ್ಲೂ ಸುಕ್ಕಿಲ್ಲ. ಆದರೆ ಅವರಲ್ಲಿ ಇದ್ದದ್ದು ಕಪ್ಪು ನೂಲು ಮಾತ್ರ. ನನ್ನ ನವಿಲುಗಳು ಈಗ ಕೊಡೆಯಂಚಿನ ಮೇಲೆ ನಿಂತಿವೆ.

ಭಾನುವಾರ ಭಾವ ಪುನಃ ಬರುತ್ತಾರಂತೆ. ಆ ತುದಿಯನ್ನು ಸೋಫಾದ ಅಡಿಗೆ ತಳ್ಳಿದ್ದೇನೆ. ಹಪ್ಪಳದ ಬದಿ ಬಾಗಿಲ ಕಡೆಗಿದೆ.