ಬ್ಯಾಟರಿ ಎಷ್ಟು ಉಳಿದಿದೆ ಅಂತ ಮಾಲೀಕನಿಗೇ ಹೇಳದಿದ್ದರೆ ಎಂಟು ವರ್ಷದ ವಾರಂಟಿ ಯಾತಕ್ಕೆ?

"ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆ ಸರ್, ತಲೆಬಿಸಿ ಬೇಡ." ಶಿರಸಿ, ಕುಮಟಾ, ಅಂಕೋಲಾ ಕಡೆ ಎಲೆಕ್ಟ್ರಿಕ್ ಕಾರು ತಗೊಂಡವರು ಹೆಚ್ಚಾಗಿ ಈ ಮಾತು ನಂಬಿಯೇ ತಗೊಂಡವರು. ಪೆಟ್ರೋಲ್ ಖರ್ಚು ಉಳಿಯುತ್ತದೆ, ಮನೆಯಲ್ಲೇ ಚಾರ್ಜ್ ಆಗುತ್ತದೆ, ಬ್ಯಾಟರಿ ಹೋದರೆ ಕಂಪನಿ ನೋಡಿಕೊಳ್ಳುತ್ತದೆ. ಮೊದಲ ಎರಡು ಮಾತು ನಿಜ. ಮೂರನೆಯದರ ಬಗ್ಗೆ ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮ ಭಾವನವರ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ತೋಟದ ಮನೆ. ಅತ್ತೆಯ ಚಿಕಿತ್ಸೆಗೆ ಹುಬ್ಬಳ್ಳಿಗೆ ಆಗಾಗ ಹೋಗಬೇಕು. ಹೋಗಿಬರಲು ಸುಮಾರು 200 ಕಿ.ಮೀ. ಕಾರು ಹೊಸದಿದ್ದಾಗ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೊರಟರೆ ಆರಾಮಾಗಿ ವಾಪಸ್ ಬರುತ್ತಿದ್ದರು, ಇನ್ನೂ ಉಳಿಯುತ್ತಿತ್ತು. ನಾಲ್ಕನೇ ವರ್ಷದಲ್ಲಿ ಬರುವಾಗ ಮುಂಡಗೋಡ ದಾಟುವಷ್ಟರಲ್ಲಿ ಕೆಂಪು ಗೆರೆ. ಈಗ ಹುಬ್ಬಳ್ಳಿಯಲ್ಲೇ ಚಾರ್ಜಿಗೆ ಹಾಕಿ, ವಯಸ್ಸಾದ ಅತ್ತೆಯನ್ನು ಕಾರಲ್ಲೇ ಕೂರಿಸಿಕೊಂಡು ಕಾಯಬೇಕು.

ಸರ್ವಿಸ್ ಸೆಂಟರಿಗೆ ಒಯ್ದರು. ಅವರು ಲ್ಯಾಪ್‌ಟಾಪ್ ಹಚ್ಚಿ ನೋಡಿದರು. "ಬ್ಯಾಟರಿ ಹೆಲ್ತ್ ಸರಿ ಇದೆ ಸರ್, ಇದೆಲ್ಲ ನಾರ್ಮಲ್."

"ಸರಿ ಇದೆ ಅಂದರೆ ಎಷ್ಟಿದೆ? ನಂಬರ್ ಹೇಳಿ."

"ಅದು ಕಸ್ಟಮರಿಗೆ ಕೊಡೋಕೆ ಬರಲ್ಲ ಸರ್. ರಿಪೋರ್ಟ್ ಕಂಪನಿಗೆ ಹೋಗತ್ತೆ."

ಜಾಬ್ ಕಾರ್ಡಿನಲ್ಲಿ ಬರೆದದ್ದು ಒಂದೇ ಸಾಲು. ಗಾಡಿ ನೋಡಲಾಗಿದೆ, ಸರಿ ಇದೆ.

ಕಂಪನಿಯ ಹೆಸರು ಬೇಕಂತಲೇ ಹೇಳುತ್ತಿಲ್ಲ. ಒಂದು ಕಂಪನಿಯನ್ನು ಬೈದು ಮುಗಿಸುವ ವಿಷಯ ಇದಲ್ಲ. ದುಡ್ಡು ಕೊಟ್ಟು ತಗೊಂಡ ವಸ್ತು ಎಷ್ಟು ಸವೆದಿದೆ ಅಂತ ಅಳೆಯುವವರು, ಆ ಲೆಕ್ಕ ಇಟ್ಟುಕೊಳ್ಳುವವರು, ಸವೆದಿದ್ದರೆ ಹೊಸದು ಕೊಡಬೇಕಾದವರು ಮೂವರೂ ಒಬ್ಬರೇ. ಅಡಿಕೆ ವಖಾರಿಯಲ್ಲಿ ಕೂಡ ಕಾಟಾದ ಮೇಲೆ ಎಷ್ಟು ಬಂತು ಅಂತ ಬೆಳೆಗಾರನಿಗೆ ತೋರಿಸಿಯೇ ಚೀಟಿ ಬರೆಯುತ್ತಾರೆ. ಲಕ್ಷಗಟ್ಟಲೆ ಬೆಲೆಯ ಬ್ಯಾಟರಿಗೆ ಅಷ್ಟು ಮರ್ಯಾದೆಯೂ ಇಲ್ಲ ಅಂದರೆ ಹೇಗೆ?

ಬ್ಯಾಟರಿ ಸವೆಯುವುದು ದೋಷ ಅಲ್ಲ, ಅದರ ಸ್ವಭಾವ. ಲಿಥಿಯಂ ಅಯಾನ್ ಸೆಲ್ಲಿನ ಒಳಗೆ ಗ್ರಾಫೈಟಿನ ಮೇಲೆ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಅದು ಬೆಳೆಯುತ್ತಾ ಹೋದ ಹಾಗೆ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಬೀಳುತ್ತದೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹೊಸದರಲ್ಲಿ ಈ ಇಳಿತ ಸ್ವಲ್ಪ ಜಾಸ್ತಿ, ಆಮೇಲೆ ನಿಧಾನ. ಓಡಿಸದೆ ಸುಮ್ನೆ ನಿಲ್ಲಿಸಿಟ್ಟರೂ ಸವೆಯುತ್ತದೆ. ಸೆಖೆ ಇದನ್ನು ಜೋರು ಮಾಡುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಗೋಕರ್ಣ, ಮುರುಡೇಶ್ವರದ ಬಯಲು ಪಾರ್ಕಿಂಗಿನಲ್ಲಿ ಗಾಡಿ ಬಿಡುವವರು ಇದನ್ನು ನೆನಪಿಡಿ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ವಾಹನಗಳ ಮಾಹಿತಿ ಕಲೆಹಾಕುವ ಜಿಯೋಟ್ಯಾಬ್ ಅನ್ನೋ ಕೆನಡಾದ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಸರಾಸರಿ ಇಳಿತ ವರ್ಷಕ್ಕೆ ಶೇ. 1.8 ಮಾತ್ರ. ಅಂದರೆ ಬಹಳಷ್ಟು ಬ್ಯಾಟರಿಗಳು ಕಾರಿನಷ್ಟೇ ಬಾಳಿಕೆ ಬರುತ್ತವೆ. ಆ ಲೆಕ್ಕದಲ್ಲಿ ನಾಲ್ಕನೇ ವರ್ಷಕ್ಕೆ ಶೇ. 7ರಿಂದ 8 ಕಮ್ಮಿ ಆಗಬೇಕು. ಭಾವನವರ ಕಾರಿನಲ್ಲಿ ಕಮ್ಮಿಯಾದದ್ದು ಮೂರರಲ್ಲಿ ಒಂದು ಭಾಗದ ಹತ್ತಿರ. ಇಷ್ಟು ಅಂತರ ಇದ್ದಾಗ "ನಾರ್ಮಲ್" ಅಂದುಬಿಟ್ಟರೆ ಸಾಲದು.

ಓಡುವ ದೂರ ಕಮ್ಮಿಯಾದ ಕೂಡಲೇ ಬ್ಯಾಟರಿ ಸವೆದಿದೆ ಅಂತಲೂ ಹೇಳಲು ಬರುವುದಿಲ್ಲ. ಇದನ್ನು ಕಂಪನಿಯವರು ಹೇಳುತ್ತಾರೆ, ಅದು ಸರಿ ಕೂಡ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಸುಮಾರು 600 ಮೀಟರ್ ಎತ್ತರ. 1,600 ಕೆಜಿ ತೂಕದ ಕಾರನ್ನು ಅಷ್ಟು ಮೇಲೆ ಎತ್ತಲಿಕ್ಕೇ ಎರಡೂವರೆ ಯೂನಿಟ್‌ಗಿಂತ ಜಾಸ್ತಿ ಬೇಕು. 30 ಯೂನಿಟ್ಟಿನ ಬ್ಯಾಟರಿಗೆ ಅದು ಸಣ್ಣದಲ್ಲ. ಇಳಿಯುವಾಗ ಒಂದಿಷ್ಟು ವಾಪಸ್ ಬರುತ್ತದೆ. ಆದರೆ ಶಿರಸಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಟ್ಟ ಇಳಿದರೆ ಅದನ್ನು ತುಂಬಿಕೊಳ್ಳಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಎಸಿ, ಮಳೆಯಲ್ಲಿ ಒದ್ದೆ ರಸ್ತೆ, ಟೈರಿನ ಗಾಳಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯ ಬ್ಯಾಟರಿಯಲ್ಲಿ ಇನ್ನೊಂದು ತೊಡಕಿದೆ. ಅದರ ವೋಲ್ಟೇಜ್ ತುಂಬಾ ಹೊತ್ತು ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಉಳಿದಿದೆ ಅನ್ನೋ ಅಂದಾಜು ತಪ್ಪಬಹುದು. ಅದಕ್ಕೇ ಆಗಾಗ ಪೂರ್ತಿ ಚಾರ್ಜ್ ಮಾಡಿ ಅಂತ ಹೇಳುವುದು. ನೂರಾರು ಸೆಲ್ಲುಗಳಲ್ಲಿ ಒಂದೆರಡು ಹಿಂದೆ ಬಿದ್ದರೂ ಇಡೀ ಪ್ಯಾಕ್ ಬೇಗ ಕೈಕೊಡುತ್ತದೆ. ಆಗ ಪ್ಯಾಕ್ ಪೂರ್ತಿ ಸವೆದಿದೆ ಅಂತಲ್ಲ, ಒಂದು ಮಾಡ್ಯೂಲ್, ಅಂದರೆ ಸೆಲ್ಲುಗಳ ಒಂದು ಗುಂಪು, ಬದಲಿಸಿದರೆ ಸರಿಯಾಗಬಹುದು.

ಕಾರಣ ಇಷ್ಟೊಂದು ಇರುವುದರಿಂದಲೇ ಅಳತೆ ಬೇಕು ಅಂತ ನಾನು ಹೇಳುವುದು. ಘಟ್ಟದ ಮೇಲೆ, ಎಸಿಯ ಮೇಲೆ, ಮನೆಯ ಅರ್ಥಿಂಗ್ ಮೇಲೆ ಹಾಕಿ ಕಳಿಸುವುದು ಸುಲಭ. ಅಳೆದು ಬರೆದು ಕೊಟ್ಟರೆ ವಾದವೇ ಇರುವುದಿಲ್ಲ.

ವಾರಂಟಿ ಪುಸ್ತಕ ಯಾರು ಪೂರ್ತಿ ಓದುತ್ತಾರೆ ಹೇಳಿ? ನಾನು ಭಾವನವರದ್ದನ್ನು ಕೂತು ಓದಿದೆ. ನಮ್ಮಲ್ಲಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಒಳಗೆ ಹೋದರೆ ಒಂದು ಮಿತಿ ಇರುತ್ತದೆ, ಹೆಚ್ಚಾಗಿ ಹೊಸದರಲ್ಲಿದ್ದ ಸಾಮರ್ಥ್ಯದ ಶೇ. 70ರ ಆಸುಪಾಸು. ಅದಕ್ಕಿಂತ ಕೆಳಗೆ ಇಳಿದರೆ ಮಾತ್ರ ಕಂಪನಿಯ ಹೊಣೆ. ನಿಜದಲ್ಲಿ 300 ಕಿ.ಮೀ. ಓಡುತ್ತಿದ್ದ ಕಾರು 215ಕ್ಕೆ ಇಳಿದರೂ ಏನೂ ಸಿಗುವುದಿಲ್ಲ. ಶಿರಸಿಯವರಿಗೆ ಅದು ಹುಬ್ಬಳ್ಳಿಗೆ ನೆಮ್ಮದಿಯಿಂದ ಹೋಗಿಬರುವ ಕಾರಿಗೂ ದಾರಿಯಲ್ಲಿ ಎದೆ ಹೊಡೆದುಕೊಳ್ಳುವ ಕಾರಿಗೂ ಇರುವ ವ್ಯತ್ಯಾಸ. ಆ ಶೇ. 70 ಅನ್ನು ಹೇಗೆ ಅಳೆಯುತ್ತಾರೆ ಅಂತ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. "ಕಂಪನಿಯ ಪರೀಕ್ಷೆಯೇ ಅಂತಿಮ" ಅನ್ನೋ ಅರ್ಥದ ಸಾಲು ಮಾತ್ರ ಇತ್ತು. ಬದಲಿಸಿ ಕೊಟ್ಟರೂ ಹೊಸ ಬ್ಯಾಟರಿಯೇ ಆಗಬೇಕಿಲ್ಲ, ರಿಪೇರಿ ಮಾಡಿದ್ದೂ ಆಗಬಹುದು. ಎಂಟು ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರುವಾಗುವುದಿಲ್ಲ.

ಆಮೇಲೆ ಯಾವುದಕ್ಕೆ ಸಿಗುವುದಿಲ್ಲ ಅನ್ನೋ ಪಟ್ಟಿ. ಹೊರಗಿನ ಪೆಟ್ಟು, ನೆರೆ ನೀರು, ಸಮಯಕ್ಕೆ ಸರ್ವಿಸ್ ಮಾಡಿಸದಿರುವುದು. ನಮ್ಮ ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ವಿಷಯ. ಬ್ಯಾಟರಿ ಇರುವುದೇ ಕಾರಿನ ಅಡಿಗೆ. ರಸ್ತೆ ಅಗೆದಿಟ್ಟ ಘಟ್ಟದಲ್ಲಿ ಒಂದು ಕಲ್ಲು ತಾಗಿದರೆ ಮುಗಿಯಿತು. ಜುಲೈನಲ್ಲಿ ಹಳ್ಳ ರಸ್ತೆಗೇ ಬರುತ್ತದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಒಳಗೆ ನೀರು ಹೋಗಬಾರದು ಅಂತ. ಜಾಹೀರಾತಿನಲ್ಲಿ ಅದನ್ನು ದೊಡ್ಡದಾಗಿ ತೋರಿಸುತ್ತಾರೆ. ಪ್ಯಾಕ್ ಒಳಗೆ ನೀರು ಸಿಕ್ಕಿದರೆ ಮಾತ್ರ ಅದು ವಾರಂಟಿಯಲ್ಲಿ ಬರುವುದಿಲ್ಲ, ಇನ್ಶೂರೆನ್ಸಿಗೆ ಹೋಗಿ ಅನ್ನುತ್ತಾರೆ. ಇನ್ಶೂರೆನ್ಸಿನವರು ಅಪಘಾತ ಎಲ್ಲಿ ಆಯಿತು, ಇದು ಒಳಗಿನ ದೋಷ ಅನ್ನುತ್ತಾರೆ. ಇಬ್ಬರ ನಡುವೆ ಕಾರು ತಿಂಗಳುಗಟ್ಟಲೆ ನಿಂತಿರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಕೈಯಿಂದ ದುಡ್ಡು ಕೊಟ್ಟು ಬ್ಯಾಟರಿ ಹಾಕಿಸಲು ಹೋದರೆ ತೆರಿಗೆಯೂ ಜಾಸ್ತಿ. ಎಲೆಕ್ಟ್ರಿಕ್ ಕಾರಿಗೆ ಶೇ. 5 ಜಿಎಸ್‌ಟಿ, ಬಿಡಿಯಾಗಿ ತಗೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ. 18. ಮೇಲಿಂದ ಇಲ್ಲಿನವರಿಗೆ ಸರ್ವಿಸ್ ಸೆಂಟರ್ ಅಂದರೆ ಹೆಚ್ಚಾಗಿ ಹುಬ್ಬಳ್ಳಿ, ಮಂಗಳೂರು ಅಥವಾ ಗೋವಾ. ದೊಡ್ಡ ಆಸ್ಪತ್ರೆಗೂ ಅಲ್ಲಿಗೇ, ಕಾರಿಗೂ ಅಲ್ಲಿಗೇ.

ಈ ಜಗಳ ನಮ್ಮಲ್ಲಿ ಹೊಸದು, ಜಗತ್ತಿಗೆ ಹಳೆಯದು. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಿಸಾನ್ ಲೀಫ್ ಕಾರಿನವರು ಇದೇ ದೂರು ಎತ್ತಿದ್ದರು. ಅದರ ಬ್ಯಾಟರಿಗೆ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ, ಮರುಭೂಮಿಯ ಬಿಸಿಲಿಗೆ ಬೇಗ ಸವೆಯಿತು. ವಿಷಯ ಕೋರ್ಟಿಗೂ ಹೋಯಿತು. ಕೊನೆಗೆ ಕಂಪನಿ ಐದು ವರ್ಷ ಅಥವಾ 60,000 ಮೈಲಿಯೊಳಗೆ ಮೀಟರಿನಲ್ಲಿ ಬ್ಯಾಟರಿಯ ಆರೋಗ್ಯ ಒಂಬತ್ತು ಗೆರೆಗಿಂತ ಕೆಳಗೆ ಇಳಿದರೆ ಸರಿಮಾಡಿ ಕೊಡುತ್ತೇವೆ ಅಂತ ವಾರಂಟಿ ಸೇರಿಸಿತು. ಅಲ್ಲಿ ಮಾಲೀಕರಿಗೆ ಬಲ ಬಂದದ್ದು ಎಲ್ಲಿಂದ ಅಂತ ನೋಡಿ. ಆ ಕಾರಿನ ಮೀಟರಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಹನ್ನೆರಡು ಗೆರೆ ಇತ್ತು. ಗೆರೆ ಹೋದಾಗ ಎಲ್ಲರೂ ಫೋಟೊ ತೆಗೆದಿಟ್ಟುಕೊಂಡರು. ನಮ್ಮ ಎಷ್ಟೋ ಕಾರುಗಳಲ್ಲಿ ಅದೂ ಇಲ್ಲ.

ಯುರೋಪಿನ ಯೂರೋ 7 ನಿಯಮದಲ್ಲಿ ಕಾರಿನ ಬ್ಯಾಟರಿ ಐದು ವರ್ಷ ಅಥವಾ 1,00,000 ಕಿ.ಮೀ.ವರೆಗೆ ಶೇ. 80, ಎಂಟು ವರ್ಷ ಅಥವಾ 1,60,000 ಕಿ.ಮೀ.ವರೆಗೆ ಶೇ. 72 ಉಳಿಯಲೇಬೇಕು ಅಂತ ಬರೆದಿದ್ದಾರೆ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರಲ್ಲೇ ಇದಕ್ಕೆ ಅಳತೆಯ ವಿಧಾನ ಒಪ್ಪಿಕೊಂಡಿದೆ. ಅದರಲ್ಲಿ ಉಳಿದ ಶಕ್ತಿ ಎಷ್ಟು ಅಂತ ಮಾಲೀಕನಿಗೆ ತೋರಿಸಬೇಕು ಅನ್ನೋದೂ ಇದೆ. ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ನಮ್ಮಲ್ಲಿ ಎಐಎಸ್ 156, ಎಐಎಸ್ 038 ನಿಯಮ ಬಿಗಿಯಾದವು. ಒಳ್ಳೆಯದೇ, ಆದರೆ ಅವು ಸುರಕ್ಷತೆಯ ನಿಯಮಗಳು. 2017ರಲ್ಲಿ ದೇಶಕ್ಕೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಬ್ಯಾಟರಿಯ ಆರೋಗ್ಯದ ಅಂಕಿಯನ್ನು ಮಾಲೀಕನಿಗೆ ಕೊಡಿಸಿ ಅಂತ ಕೇಂದ್ರವನ್ನು ಕೇಳಲು ನಮಗಿಂತ ಹಕ್ಕು ಯಾರಿಗಿದೆ?

ನಾನು ಕೇಳುವುದು ಜಾಸ್ತಿ ಏನಲ್ಲ. ಪ್ರತಿ ಸರ್ವಿಸಿನ ಜಾಬ್ ಕಾರ್ಡಿನಲ್ಲಿ ಆ ನಂಬರ್ ಅಚ್ಚಾಗಲಿ. ಅಳೆಯುವ ವಿಧಾನ ವಾರಂಟಿ ಪುಸ್ತಕದಲ್ಲೇ ಇರಲಿ. ಮಾಲೀಕ ಒಪ್ಪದಿದ್ದರೆ ಕಂಪನಿಗೆ ಸೇರದ ಬೇರೆ ಕಡೆ ಪರೀಕ್ಷೆ ಮಾಡಿಸುವ ಅವಕಾಶ ಇರಲಿ. ಹಳೆ ಕಾರು ಕೊಳ್ಳುವವರಿಗೂ ಇದು ಬೇಕು. ಈಗ ಕೆಲವರು ಕೊಡುವ ಲೈಫ್‌ಟೈಮ್ ವಾರಂಟಿ ಮೊದಲ ಮಾಲೀಕನಿಗೆ ಮಾತ್ರ, ಎರಡನೆಯವನಿಗೆ ಪೂರ್ತಿ ಹೋಗುವುದಿಲ್ಲ.

ನಿಯಮ ಬರುವವರೆಗೆ ಕೂತು ಕಾಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಡ ವಸ್ತುವಿನ ಗುಣಮಟ್ಟ, ಪ್ರಮಾಣ ತಿಳಿಯುವುದು ಗ್ರಾಹಕನ ಹಕ್ಕು ಅಂತಲೇ ಇದೆ. ಶೋರೂಮ್ ಹುಬ್ಬಳ್ಳಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಕಾರವಾರದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅಲ್ಲೇ ನಡೆಯುತ್ತದೆ. 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಹೋಗಬೇಕು, ಇದನ್ನು ಮಾತ್ರ ಮರೆಯಬೇಡಿ. ಸುಮ್ನೆ ನೋಡಿದರೆ ದೋಷ ಗೊತ್ತಾಗದಿದ್ದರೆ ಲ್ಯಾಬಿಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರೂ ಆಗುತ್ತದೆ.

ಆದರೆ ಆಯೋಗಕ್ಕೆ ಬರಿಗೈಲಿ ಹೋದರೆ ಆಗುವುದಿಲ್ಲ, ಕಾಗದ ಬೇಕು. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತು ಬೇಡ, ಇಮೇಲ್‌ನಲ್ಲಿ ಕೇಳಿ. ಕೊಡಲ್ಲ ಅಂದರೆ ಅದನ್ನೂ ಬರೆದು ಕೊಡಲು ಹೇಳಿ. ಚಾರ್ಜರಿಗೆ ಬೇರೆ ಸಬ್ ಮೀಟರ್ ಹಾಕಿಸಿ. ವರ್ಷಕ್ಕೊಮ್ಮೆ ಅದೇ ಚಾರ್ಜರಿನಲ್ಲಿ ಶೇ. 10ರಿಂದ 100ರವರೆಗೆ ಎಷ್ಟು ಯೂನಿಟ್ ಹೋಯಿತು ಅಂತ ಫೋಟೊ ಸಮೇತ ಬರೆದಿಡಿ. ಹೊಸದರಲ್ಲಿ 30 ತಗೊಳ್ಳುತ್ತಿದ್ದ ಬ್ಯಾಟರಿ ಈಗ 24 ತಗೊಂಡು ತುಂಬಿತು ಅಂದರೆ ಅದು ನಿಖರ ಅಳತೆ ಅಲ್ಲದಿದ್ದರೂ ಕೇಳಲು ಆಧಾರ ಅಂತೂ ಆಯಿತು.

ಭಾವನವರು ಹೀಗೇ ಇಮೇಲ್ ಕಳಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಕಾರವಾರಕ್ಕೆ ಹೋಗುವುದು ಅಂತ ನಿಶ್ಚಯ ಮಾಡಿದ್ದೇವೆ. ಭಟ್ಕಳದಿಂದ ಜೋಯಿಡಾವರೆಗೆ ಯಾರಿಗಾದರೂ ಸರ್ವಿಸಿನಲ್ಲಿ ಆ ನಂಬರ್ ಬರೆದು ಕೊಟ್ಟಿದ್ದರೆ ಜಾಬ್ ಕಾರ್ಡಿನ ಫೋಟೊ ಕಳಿಸಿ, ಹೆಸರು ಮತ್ತು ಗಾಡಿ ನಂಬರ್ ಮುಚ್ಚಿ. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಯಾಕೆ ಕೊಡಲಿಲ್ಲ ಅಂತ ಆಯೋಗದ ಮುಂದೆ ಕೇಳಲು ಅದು ಬೇಕು.