ಸಂಬಳದ ಚೀಟಿಯ ಹೀರೋ

ತಿಂಗಳ ಕೊನೆಗೆ ಮೊಬೈಲಿಗೆ ಬರುವ ಪೇ ಸ್ಲಿಪ್ಪನ್ನು ನಾನು ಎರಡು ಸಲ ಓದುತ್ತೇನೆ. ಮೊದಲ ಸಲ ಕಟ್ಟಕಡೆಯ ಸಾಲು ಮಾತ್ರ. ಆ ಸಾಲು ಯಾಕಿಷ್ಟು ಬಡಕಲಾಗಿದೆ ಎಂದು ತಿಳಿಯಲು ಎರಡನೇ ಸಲ ಮೇಲಿನದ್ದೆಲ್ಲ. ಬೇಸಿಕ್ಕು, ಎಚ್‌ಆರ್‌ಎ, ಪಿಎಫ್, ಪಿಟಿ, ಟಿಡಿಎಸ್. ಬೇಸಿಕ್ಕಿನಲ್ಲಿ ನೂರಕ್ಕೆ 12 ಪಿಎಫ್ ಪಾಲು. ವೃತ್ತಿ ತೆರಿಗೆ ಅಂತ 200 ರೂಪಾಯಿ. ಜ್ವರ ಬಂದು ಮಲಗಿದ ಒಂದು ದಿನ ‘ಎಲ್‌ಒಪಿ’, ಅಂದರೆ ಸಂಬಳವಿಲ್ಲದ ರಜೆ, ಎಂಬ ಮೂರಕ್ಷರವಾಗಿ ಹಲ್ಲು ಕಿರಿಯುತ್ತದೆ. ಇದನ್ನು ಬಿಡಿಸುವುದಕ್ಕೆ ಗೂಢಲಿಪಿ ತಜ್ಞರೇ ಬೇಕು ಅಂತ ಮೊನ್ನೆ ಗೊಣಗಿಕೊಂಡಾಗ, ಎಲ್ಲಿದ್ದನೋ, ರಿಷಿಕುಮಾರ ನೆನಪಾದ.

1992ರ ‘ರೋಜಾ’ ಸಿನಿಮಾದ ನಾಯಕ. ಗೂಢಲಿಪಿ ಬಿಡಿಸುವುದೇ ಅವನ ಉದ್ಯೋಗ. ಅದಕ್ಕೇ ಕಾಶ್ಮೀರಕ್ಕೆ ಹೋಗಿ ಉಗ್ರರ ಕೈಗೆ ಸಿಕ್ಕಿಬೀಳುತ್ತಾನೆ. ಆದರೆ ಅವನ ಉದ್ಯೋಗ ನೋಡಿದವರು ಯಾರು? ನೋಡಿದ್ದು ಆ ಪಾತ್ರ ಮಾಡಿದ ಅರವಿಂದ ಸ್ವಾಮಿಯ ಮುಖ. ನಮ್ಮಕ್ಕನಂತೂ ಕಣ್ಣು ಮಿಟುಕಿಸದೆ ನೋಡಿದಳು. ಆಗ ಅವಳಿಗೆ ಗಂಡು ಹುಡುಕುತ್ತಿದ್ದ ಕಾಲ. ಬಂದ ಫೋಟೋಗಳನ್ನೆಲ್ಲ ಅರವಿಂದ ಸ್ವಾಮಿಯ ಪಕ್ಕ ಇಟ್ಟು ನೋಡುವುದು, ಪಕ್ಕಕ್ಕೆ ತಳ್ಳುವುದು. ತಮಿಳುನಾಡಿನಲ್ಲಿ ‘ಅರವಿಂದ ಸ್ವಾಮಿಯಂಥ ಅಳಿಯ’ ಎಂಬುದು ಮಾತಿನ ವರಸೆಯೇ ಆಗಿಹೋಗಿತ್ತು. ಆ ಗಾಳಿ ಹೊಸೂರು ದಾಟಿ ನಮ್ಮ ಮನೆಗೂ ಬೀಸಿತ್ತು. ಅಮ್ಮನ ಅಳತೆಗೋಲು ಬೇರೆ: “ಮುಖ ಇರ್ಲಿ ಕಣೇ, ಸಂಬಳ ಎಷ್ಟು ಅಂತ ಕೇಳು.”

ಕೊನೆಗೆ ಅಮ್ಮನ ಗೋಲೇ ಗೆದ್ದಿತು. ಭಾವ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿದ್ದರು. ಹಾಜರಿ ಪುಸ್ತಕ ನೋಡಿ ಇಡೀ ಕಾರ್ಖಾನೆಯ ಸಂಬಳದ ಲೆಕ್ಕ ಕಟ್ಟುವುದು, ಪ್ರತಿ ತಿಂಗಳ 7ರೊಳಗೆ ಕಂದು ಕವರುಗಳಲ್ಲಿ ನೋಟು ಎಣಿಸಿ ಹಾಕುವುದು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ತೆಗೆದುಕೊಳ್ಳುವುದು ಇವರ ಕೆಲಸ. ಅಕ್ಕ ಮೂರು ದಿನ ಊಟ ಬಿಟ್ಟಳು. ನಾಲ್ಕನೇ ದಿನ ಹೋಳಿಗೆ ಮಾಡಿದ್ದರು.

ಅತ್ತ ಅರವಿಂದ ಸ್ವಾಮಿ ಕಾಲೇಜಿನಲ್ಲಿದ್ದಾಗ ಕೈಖರ್ಚಿಗೆಂದು ಮಾಡೆಲಿಂಗ್ ಮಾಡುತ್ತಿದ್ದ ಹುಡುಗ. ನಿರ್ದೇಶಕ ಮಣಿರತ್ನಂ ಕಣ್ಣಿಗೆ ಬಿದ್ದು, 1991ರ ‘ದಳಪತಿ’ಯಲ್ಲಿ ರಜನೀಕಾಂತ್, ಮಮ್ಮುಟ್ಟಿ ಎದುರು ಕಲೆಕ್ಟರಾಗಿ ನಿಂತರು. ಆಗ ವಯಸ್ಸು ಇಪ್ಪತ್ತೊಂದು. ಆ ವಯಸ್ಸಿಗೆ ನಾನು ತಹಶೀಲ್ದಾರರ ಕಚೇರಿಯ ಜವಾನನ ಎದುರೂ ಗಟ್ಟಿಯಾಗಿ ನಿಂತವಳಲ್ಲ. ಆಮೇಲೆ ‘ರೋಜಾ’, 1995ರಲ್ಲಿ ‘ಬಾಂಬೆ’, 1997ರಲ್ಲಿ ಕಾಜೋಲ್ ಜೊತೆ ‘ಮಿನ್ಸಾರ ಕನವು’. 2000ದ ಹೊತ್ತಿಗೆ ಮನುಷ್ಯ ಪರದೆಯಿಂದ ಮಾಯ. ಅಕ್ಕ ಪಾತ್ರೆ ತೊಳೆಯುತ್ತಾ “ಎಲ್ಲಿ ಹೋದ್ನೋ ಪಾಪ” ಅನ್ನುತ್ತಿದ್ದಳು.

ಎಲ್ಲಿಗೂ ಹೋಗಿರಲಿಲ್ಲ. ಚೆನ್ನೈಯಲ್ಲೇ ವ್ಯವಹಾರ ನೋಡಿಕೊಳ್ಳುತ್ತಿದ್ದರು. 2005ರಲ್ಲಿ ‘ಟ್ಯಾಲೆಂಟ್ ಮ್ಯಾಕ್ಸಿಮಸ್’ ಎಂಬ ಕಂಪನಿ ಕಟ್ಟಿದರು. ಏನು ಕೆಲಸ ಅಂತೀರಿ? ಬೇರೆ ಕಂಪನಿಗಳ ಸಂಬಳದ ಲೆಕ್ಕ ಮಾಡಿಕೊಡುವುದು, ತಾತ್ಕಾಲಿಕ ನೌಕರರನ್ನು ಒದಗಿಸುವುದು. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಸಿನಿಮಾ ಬಿಟ್ಟವರು ಹೋಟೆಲು ಇಡುತ್ತಾರೆ, ಕಲ್ಯಾಣ ಮಂಟಪ ಕಟ್ಟುತ್ತಾರೆ, ಸೈಟು ಮಾರುತ್ತಾರೆ, ಚುನಾವಣೆಗೆ ನಿಲ್ಲುತ್ತಾರೆ. ಎಲ್ಲದಕ್ಕೂ ಮುಖ ಬೇಕು. ಪೇರೋಲ್‌ನವರ, ಅಂದರೆ ಸಂಬಳದ ಲೆಕ್ಕದವರ, ಮುಖ ಯಾರಿಗೆ ಬೇಕು? ಸಂಬಳ ಸರಿಯಾಗಿ ಬಂದರೆ ಅವರಿದ್ದಾರೆಂಬುದೇ ಗೊತ್ತಾಗುವುದಿಲ್ಲ. ಹತ್ತು ರೂಪಾಯಿ ಕಡಿಮೆಯಾದರೆ ಮಾತ್ರ ಅವರ ವಂಶವೇ ನೆನಪಾಗುತ್ತದೆ. ದೇಶವೇ ನೋಡಿದ ಮುಖ ಹೊತ್ತುಕೊಂಡು, ಮುಖವೇ ಬೇಡದ ದಂಧೆಗೆ ಹೋಗುವುದಕ್ಕೆ ಒಂದು ಗಟ್ಟಿ ಗುಂಡಿಗೆ ಬೇಕು. ಅಥವಾ ಮುಖದ ಬಗ್ಗೆ ಅಷ್ಟು ಬೇಜಾರಾಗಿರಬೇಕು.

ಕಂಪನಿ ಕಟ್ಟಿದ ವರ್ಷವೇ ಅರವಿಂದ ಸ್ವಾಮಿ ಬೆನ್ನುಹುರಿಗೆ ಪೆಟ್ಟಾಗಿ ಬಹಳ ನೋವು ತಿಂದರು, ಮೈ ಬಂತು, ಕೂದಲು ಹೋಯಿತು. 2013ರಲ್ಲಿ ಮಣಿರತ್ನಂ ‘ಕಡಲ್’ಗಾಗಿ ಮತ್ತೆ ಕರೆತಂದರು. 2015ರ ‘ತನಿ ಒರುವನ್’ನಲ್ಲಿ ಅವರೇ ಖಳ, ಅದೂ ಕೋಟು ಬೂಟಿನ ವ್ಯವಹಾರಸ್ಥ! ಹತ್ತಿರ ಹತ್ತಿರ ಹದಿನೈದು ವರ್ಷ ಮೀಟಿಂಗ್ ಕೋಣೆಗಳಲ್ಲಿ ಕೂತವರಿಗೆ ಆ ತಣ್ಣನೆಯ ನಗು ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ‘ಲಯನ್ ಕಿಂಗ್’ ತಮಿಳಿಗೆ ಬಂದಾಗ ಹಿಂದೆ ಸಿಂಬನಿಗೆ ದನಿ ಕೊಟ್ಟವರು, 2019ರಲ್ಲಿ ಅದರ ಹೊಸ ಆವೃತ್ತಿಗೆ ದುಷ್ಟ ಚಿಕ್ಕಪ್ಪ ಸ್ಕಾರ್‌ನ ದನಿಯಾದರು.

ಕಂಪನಿಯ ಸಮಾಚಾರವನ್ನು ಅಕ್ಕನ ಮನೆಗೆ ಹೋಗಿ ಹೇಳಿದೆ. ಭಾವ ರಿಟೈರಾಗಿ ಪೇಪರು ಹಿಡಿದು ಕೂತಿದ್ದರು. ಅವರ ಕೊನೆಯ ವರ್ಷಗಳಲ್ಲಿ ಕಾರ್ಖಾನೆ ಸಂಬಳದ ಲೆಕ್ಕವನ್ನು ಹೊರಗಿನವರಿಗೆ ವಹಿಸಿ, ಇವರನ್ನು ಸ್ಟೋರ್ಸಿಗೆ ಹಾಕಿತ್ತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

“ಅಂದ್ರೆ ನಾನು ಮಾಡ್ತಿದ್ದ ಕೆಲಸವನ್ನೇ ಅವನೂ ಮಾಡ್ತಿದ್ದ ಅನ್ನು,” ಅಂದರು ಭಾವ, ಪೇಪರು ಕೆಳಗಿಳಿಸದೆ.

ಅಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ತಲೆಯ ಮೇಲೆ ನೋಡುವಂಥದ್ದು ಈಗ ಹೆಚ್ಚೇನಿಲ್ಲ.

“ಏನ್ರೀ, ಕಾಫಿಗೆ ಸಕ್ಕರೆ ಹಾಕ್ಲಾ?” ಅಂದಳು. ಶುಗರ್ ಬಂದ ಮೇಲೆ ಅವಳು ಹಾಗೆ ಕೇಳಿದ್ದು ನಾನು ಕೇಳಿಯೇ ಇರಲಿಲ್ಲ.