ಮಾವನವರ ಒಪ್ಪಿಗೆ

ಮೂಡಿಗೆರೆಯಿಂದ ಚಿಕ್ಕಮಗಳೂರಿನವರೆಗಿನ ಸುಮಾರು 30 ಕಿಲೋಮೀಟರ್ ದಾರಿಯುದ್ದಕ್ಕೂ, ನನ್ನ ಹಳೆಯ ಮಾರುತಿ 800ರ ಮುಂದಿನ ಸೀಟಿನಲ್ಲಿದ್ದ ಮಾವನವರು, ಪೇಟೆಯಲ್ಲಿ ಕಾಫಿಪುಡಿ ಅಂಗಡಿ ತೆರೆಯುವ ನನ್ನ ಆಲೋಚನೆಗೆ ತಲೆಯಾಡಿಸುತ್ತಲೇ ಇದ್ದರು. ಮದುವೆಯಾಗಿ ಹನ್ನೊಂದು ವರ್ಷವಾದರೂ ನನ್ನ ಒಂದು ಮಾತಿಗೂ ತಲೆದೂಗದಿದ್ದ ಆ ಹಿರಿಯರು, ಮಳಿಗೆಯ ಬಾಡಿಗೆಗೂ, ಹುರಿಯುವ ಯಂತ್ರದ ಬೆಲೆಗೂ, ಕೊನೆಗೆ ಅವರದೇ ತೋಟದ ಮೇಲೆ ಸಾಲ ತೆಗೆಯುವ ಮಾತಿಗೂ ಮೇಲಿಂದ ಮೇಲೆ ಹೌದೆನ್ನುತ್ತಿರುವುದನ್ನು ಕಂಡು ನಾನು ಹಿಗ್ಗಿಹೋದೆ.

ಆ ಹಿಗ್ಗಿಗೆ ಅಡ್ಡ ಬಂದದ್ದು, ಪ್ರತಿ ತಿರುವಿನಲ್ಲೂ ಎಡಗಡೆಯಿಂದ ಕೇಳಿಸುತ್ತಿದ್ದ 'ಟಕ್ ಟಕ್' ಸದ್ದು. ಡಿಕ್ಕಿಯಲ್ಲಿರುವ ಜಾಕ್ ಅಲುಗುತ್ತಿದೆಯೆಂದು ಹಿಂದೆ ಕುಳಿತಿದ್ದ ಹೆಂಡತಿ ತೀರ್ಪು ಕೊಟ್ಟಳು. ಗಾಡಿ ನಿಲ್ಲಿಸಿ, ಜಾಕನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮಲಗಿಸಿದೆ. ಜಾಕ್ ಮಲಗಿತು, ಸದ್ದು ಮಲಗಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಬಾನೆಟ್ಟನ್ನೂ ಎತ್ತದೆ, ಎಡಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟರು. ಒಮ್ಮೆ ಎದ್ದು ಸುಮ್ಮನಾಗಬೇಕಿದ್ದ ಗಾಡಿ, ಮಗು ಮಲಗಿದ ಮೇಲೂ ತೂಗುವ ತೊಟ್ಟಿಲಿನಂತೆ ಕುಲುಕುತ್ತಲೇ ಇತ್ತು. "ಶಾಕಪ್ಸರ್ ಎಣ್ಣೆಯೆಲ್ಲ ಇಳಿದುಹೋಗಿದೆ, ಸರ್" ಎಂದರು.

ಮುಂದಿನ ಚಕ್ರದ ಮೇಲೆ ನಿಂತಿರುವ ಸ್ಟ್ರಟ್ ಎಂಬ ಕಂಬದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ. ಗಾಡಿಯ ಭಾರ ಹೊರುವುದು, ಗುಂಡಿಯ ಪೆಟ್ಟು ತಿನ್ನುವುದು ಸ್ಪ್ರಿಂಗಿನ ಪಾಲು. ಆದರೆ ಒಮ್ಮೆ ಕುಣಿಯತೊಡಗಿದರೆ ನಿಲ್ಲಬೇಕೆಂಬ ಬುದ್ಧಿ ಅದಕ್ಕಿಲ್ಲ. ಶಾಕ್ ಅಬ್ಸಾರ್ಬರಿನೊಳಗಿನ ಪಿಸ್ಟನ್, ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ತಿಣುಕಿ ತಿಣುಕಿ ದಾಟಿಸುವಾಗ ಆ ಕುಣಿತವೆಲ್ಲ ಬಿಸಿಯಾಗಿ ಕರಗುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಚಕ್ರವನ್ನು ಹಿಡಿಯುವ ಮೇಲಿನ ತೋಳನ್ನೇ ತೆಗೆದುಹಾಕಿ ಆ ಕೆಲಸವನ್ನೂ ಈ ಕಂಬಕ್ಕೇ ಹೊರಿಸಿದರು. ಮನೆಯ ಹಿರಿಮಗನ ಪಾಡೂ ಇದೇ ಅಲ್ಲವೇ! ಮನೆಯ ಹಿರಿಮಗನ ಪಾಡೂ ಇದೇ ಅಲ್ಲವೇ! ಸ್ಟೇರಿಂಗ್ ತಿರುಗಿಸಿದಾಗ ಚಕ್ರದೊಂದಿಗೆ ಕಂಬವೂ ತಿರುಗಬೇಕಾದ್ದರಿಂದ ಅದರ ನೆತ್ತಿಯಲ್ಲೊಂದು ಬೇರಿಂಗ್ ಇರುತ್ತದೆ. ಅದು ಸವೆದಿತ್ತು, ಟಕ್ ಟಕ್ ಎನ್ನುತ್ತಿದ್ದುದು ಅದೇ.

ಎಡಗಡೆಯದನ್ನಷ್ಟೇ ಬದಲಿಸಿದರೆ ಸಾಲದೇ ಎಂದು ಕೇಳಿದೆ. ಮೇಸ್ತ್ರಿ ನನ್ನ ಎರಡು ಚಪ್ಪಲಿಗಳನ್ನೂ ಒಮ್ಮೆ ನೋಡಿದರು. ಜೋಡಿಯನ್ನೇ ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದೆ.

ಮರುದಿನ ಮಾವನವರನ್ನು ಊರಿಗೆ ಬಿಡಲು ಹೊರಟಾಗ ಅದೇ ರಸ್ತೆ, ಅವೇ ಗುಂಡಿಗಳು. ಗಾಡಿ ಪ್ರತಿ ಗುಂಡಿಯಲ್ಲೂ ಇಳಿದು, ಒಮ್ಮೆ ಎದ್ದು ಸುಮ್ಮನಾಗುತ್ತಿತ್ತು. ಮಾವನವರ ತಲೆಯೂ ಹಾಗೆಯೇ. ಅಂಗಡಿಯ ಮಾತನ್ನು ಮತ್ತೆ ಎತ್ತಿ, ಸಾಲದ ಅರ್ಜಿಗೆ ಯಾವಾಗ ರುಜು ಹಾಕುವಿರೆಂದು ಕೇಳಿದೆ. ಮೂಡಿಗೆರೆ ಹತ್ತಿರದ ಹ್ಯಾಂಡ್‌ಪೋಸ್ಟ್ ಬರುವವರೆಗೂ ಕಲ್ಲಿನಂತೆ ಕುಳಿತಿದ್ದ ಅವರು ನಿಧಾನವಾಗಿ ನನ್ನತ್ತ ತಿರುಗಿ, "ಯಾವ ಅಂಗಡಿ, ಅಳಿಯಂದ್ರೇ?" ಎಂದರು.